ನಮ್ಮೂರ ಬೆಂಚು ರೆವಿಟ್‌ಗೆ ಬರಲಿ

ರೆವಿಟ್‌ನಲ್ಲಿ ಕ್ಲಾಸ್‌ರೂಮ್ ಮಾಡೆಲ್ ಮಾಡ್ತಾ ಬೆಂಚ್ ಹುಡುಕಿದೆ. ಸಿಕ್ಕಿದ್ದೆಲ್ಲ ದೊಡ್ಡ ಕಂಪನಿಗಳವೇ. ಚಿಕ್ಕೋಡಿ, ಅಥಣಿ ಕಡೆ ನಮ್ಮ ಬಡಿಗೇರರು ಮಾಡೋ ಬೆಂಚು ಸಿಗಲಿಲ್ಲ.

ಇಂಥ ಮಾಡೆಲ್‌ಗೆ ರೆವಿಟ್‌ನಲ್ಲಿ 'ಫ್ಯಾಮಿಲಿ' ಅಂತಾರೆ. ಅದು ಬರೀ 3ಡಿ ಚಿತ್ರ ಅಲ್ಲ. ಅಳತೆ, ಕಟ್ಟಿಗೆ, ಮಾಡಿದವರ ಹೆಸರು ಎಲ್ಲವನ್ನೂ ಅದರೊಳಗೇ ತುಂಬಬಹುದು. ಉದ್ದವನ್ನು ಪ್ಯಾರಾಮೀಟರ್ ಮಾಡಿದ್ರೆ ಒಂದೇ ಫ್ಯಾಮಿಲಿಯಿಂದ 3 ಅಡಿ, 4 ಅಡಿ ಎರಡೂ ಬರ್ತವೆ. 40 ಬೆಂಚ್ ಇಟ್ಟರೆ ಶೆಡ್ಯೂಲ್‌ನಲ್ಲಿ ಲೆಕ್ಕ ತಾನಾಗಿ ಸಿಗುತ್ತೆ. ಮೊಳೆ, ಸ್ಕ್ರೂ ಮಾತ್ರ ಬಿಡಿಸಬೇಡಿ, ಫೈಲ್ ಭಾರ ಆಗುತ್ತೆ. ಐಎಫ್‌ಸಿಗೆ ಎಕ್ಸ್‌ಪೋರ್ಟ್ ಮಾಡಿದ್ರೆ ಬೇರೆ ಸಾಫ್ಟ್‌ವೇರ್‌ನವರೂ ನೋಡಬಹುದು.

ಲೈಬ್ರರಿಯಲ್ಲಿ ಇಲ್ಲದ ಬೆಂಚು ಆರ್ಕಿಟೆಕ್ಟ್ ಕಣ್ಣಿಗೆ ಬೀಳೋದು ಕಷ್ಟ. ಆರ್ಡರ್ ಬರೋದು ಇನ್ನೂ ಕಷ್ಟ. ರಜೆಗೆ ಊರಿಗೆ ಹೋದಾಗ ಬಡಿಗೇರರನ್ನು ಕೇಳಿ, ಟೇಪ್ ಹಿಡಿದು ಒಂದು ಬೆಂಚ್ ಅಳೆದು ತನ್ನಿ. ಅವರು 4 ಅಡಿ ಅಂದ್ರೆ ನೀವು 1219.2 ಮಿ.ಮೀ. ಅಂತ ಬರ್ಕೊಳ್ಳಿ.