ಮಾದಪ್ಪನ ಕಾಡು, ಆಕಾಶದ ಕಣ್ಣು

ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗಿಬಂದ ಸದ್ಭಕ್ತರಿಗೆ ಅಲ್ಲಿಯ ಕಾಡಿನ ಪರಿಚಯ ಉಂಟು. ಶಿವರಾತ್ರಿಯ ಜಾತ್ರೆಯ ವೇಳೆಗೆ ಬಹುತೇಕ ಮರಗಳು ಎಲೆಯುದುರಿಸಿ ಬೋಳಾಗಿರುತ್ತವೆ. ದೀಪಾವಳಿಗೆ ಹೋದವರು ಕಾಣುವ ಹಸುರೇ ಬೇರೆ. 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಈ ಅರಣ್ಯವನ್ನು ಇಂದು ನೂರಾರು ಕಿಲೋಮೀಟರು ಎತ್ತರದಿಂದ ಉಪಗ್ರಹಗಳೂ ನೋಡುತ್ತಿವೆ. ಈ ವಿದ್ಯೆಗೆ ದೂರಸಂವೇದನೆಯೆಂದು ಹೆಸರು.

ಇದರ ಮರ್ಮವಿರುವುದು ಎಲೆಯಲ್ಲಿ. ಆರೋಗ್ಯವಾಗಿರುವ ಎಲೆಯು ಬಿಸಿಲಿನ ಕೆಂಪು ಕಿರಣಗಳನ್ನು ತನ್ನ ಆಹಾರದ ತಯಾರಿಕೆಗಾಗಿ ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಹಿಂದಕ್ಕೆ ಚೆಲ್ಲುತ್ತದೆ. ಬರದಿಂದಲೋ ರೋಗದಿಂದಲೋ ಸೊರಗಿದಾಗ ಇವೆರಡರ ಅಂತರ ಕುಗ್ಗುತ್ತದೆ. ಉಪಗ್ರಹವು ಅಳೆಯುವುದು ಈ ಅಂತರವನ್ನೇ. ವರ್ಷವಿಡೀ ಅಳೆದ ಹಸುರಿಗೆ ಮಳೆ ಬಿಸಿಲುಗಳ ಲೆಕ್ಕವನ್ನು ಸೇರಿಸಿ, ಕಾಡು ಎಷ್ಟು ಬೆಳೆಯಿತೆಂದು ವಿಜ್ಞಾನಿಗಳು ಅಂದಾಜು ಮಾಡುತ್ತಾರೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು 1987ರಿಂದ ಉಪಗ್ರಹ ಚಿತ್ರಗಳ ಆಧಾರದಿಂದಲೇ ದೇಶದ ಅರಣ್ಯಸ್ಥಿತಿಯ ವರದಿಗಳನ್ನು ಹೊರತರುತ್ತಿದೆ. ಕಾಡ್ಗಿಚ್ಚಿನ ಸುದ್ದಿಯನ್ನು ತಿಳಿಸುವುದರಲ್ಲಿಯೂ ಈ ವಿದ್ಯೆಯ ಉಪಕಾರ ದೊಡ್ಡದು.

ಆದರೆ ಹಸುರೆಲ್ಲ ಕಾಡಲ್ಲ. ಆ ವರದಿಗಳ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ಹೆಚ್ಚಿನ ವಿಸ್ತಾರವಿದ್ದು, ಶೇಕಡಾ 10ರಷ್ಟಾದರೂ ಮರದ ಹೊದಿಕೆಯಿರುವ ಭೂಮಿಯೆಲ್ಲ ‘ಅರಣ್ಯ ಹೊದಿಕೆ’. ಒಡೆತನ ಯಾರದೆಂಬ ಪ್ರಶ್ನೆಯಿಲ್ಲ. ಹಣ್ಣಿನ ತೋಟವೂ ನೀಲಗಿರಿಯ ನೆಡುತೋಪೂ ಅದರಲ್ಲಿ ಸೇರುತ್ತವೆ. ಲೆಕ್ಕ ಸುಳ್ಳಲ್ಲ, ಹೆಸರು ಮಾತ್ರ ನಮ್ಮನ್ನು ದಾರಿ ತಪ್ಪಿಸುತ್ತದೆ.

ಮಾದಪ್ಪನ ಕಾಡಿನಲ್ಲಿ ಇನ್ನೂ ಒಂದು ತೊಡಕು. ಅಮೆರಿಕದ ನೆಲದಿಂದ ಆಂಗ್ಲರು ಚೆಲುವಿಗೆಂದು ತಂದ ಲಂಟಾನ ಅಲ್ಲಿ ಮರಗಳ ಅಡಿಯೆಲ್ಲ ಹಬ್ಬಿದೆ. ಜಿಂಕೆ, ದನಗಳು ಅದನ್ನು ಸಾಮಾನ್ಯವಾಗಿ ಮುಟ್ಟವು; ಅದರ ದಟ್ಟಣೆಯಲ್ಲಿ ಹುಲ್ಲು ಏಳದು, ಮರದ ಸಸಿಗಳು ಮೇಲೇಳವು. ಬೇಸಿಗೆಯಲ್ಲಿ ಒಣಗಿತೆಂದರೆ ಬೆಂಕಿಗೆ ಅದೇ ಉರುವಲು. ಮೇಲಿನಿಂದ ನೋಡಿದ ಯಂತ್ರಕ್ಕೆ ಇದೂ ಹಸುರು, ಅದೂ ಹಸುರು! ಮರಗಳು ಬೋಳಾದ ಕಾಲದ ಚಿತ್ರವನ್ನೂ ಮಳೆಗಾಲದ ನಂತರದ ಚಿತ್ರವನ್ನೂ ಹೋಲಿಸಿ ಪೊದೆಯನ್ನು ಗುರುತಿಸುವ ಉಪಾಯವುಂಟು. ಆದರೂ ನೆಲದ ಮೇಲೆ ನಡೆದು ತಾಳೆನೋಡದೆ ಆ ನಕ್ಷೆಯನ್ನು ನಂಬುವಂತಿಲ್ಲ. ತಲೆಮಾರುಗಳಿಂದ ಆ ಕಾಡಿನಲ್ಲಿ ಬಾಳಿದ ಸೋಲಿಗರ ಅರಿವು ಇಲ್ಲಿ ಬೇಕೇ ಬೇಕು.

ಭಾರತ ಮತ್ತು ಅಮೆರಿಕ ಕೂಡಿ ನಿರ್ಮಿಸಿದ ನಿಸಾರ್ ಉಪಗ್ರಹವು 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಮೇಲೇರಿತು. ಅದರ ರಾಡಾರ್ ಅಲೆಗಳಿಗೆ ಮೋಡದ ಅಡ್ಡಿಯಿಲ್ಲ. ಎಲೆಗಳ ನಡುವೆ ನುಸುಳಿ ಕೊಂಬೆ ಕಾಂಡಗಳ ಮೊತ್ತವನ್ನೂ ಅಂದಾಜಿಸಲು ಅವು ನೆರವಾಗುತ್ತವೆ. ಲಂಟಾನದ ಕೆಳಗೆ ಎಳೆಯ ಸಸಿಯೊಂದು ಬದುಕಿದೆಯೇ ಎಂಬುದನ್ನು ಮಾತ್ರ ಇಂದಿಗೂ ಪೊದೆ ಸರಿಸಿ, ಬಾಗಿಯೇ ನೋಡಬೇಕಾಗಿದೆ.