ಕಲ್ಲಿಕೋಟೆಯಿಂದ ಪರ್ತ್‌ವರೆಗೆ

ಕಾರವಾರ ಪಕ್ಕದ ಚಿತ್ತಾಕುಲದ ಹುಡುಗರಿಗೆ ಫುಟ್‌ಬಾಲ್ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಸದಾಶಿವಗಡ ಬಿಟ್ಟು ಮಾಜಾಳಿ ದಾಟಿದರೆ ಗೋವಾ. ಅಲ್ಲಿನ ಆಟದ ಹುಚ್ಚು ಕಾಳಿ ನದಿಯವರೆಗೂ ಹಬ್ಬಿದೆ. ಹುಡುಗಿಯರು ಚೆಂಡು ಒದೆಯಲು ಹೊರಟರೆ ಮಾತ್ರ ಹುಬ್ಬೇರಿಸುವವರು ಇನ್ನೂ ಇದ್ದಾರೆ. ಅಂಥವರೂ ಬರುವ ಮಾರ್ಚ್‌ನಲ್ಲಿ ಟಿ.ವಿ. ಹಾಕಿ ಕೂರುವುದು ಒಳ್ಳೆಯದು.

2026ರ ಮಾರ್ಚ್ 1ರಿಂದ 21ರವರೆಗೆ ಆಸ್ಟ್ರೇಲಿಯಾದ ಪರ್ತ್, ಸಿಡ್ನಿ ಮತ್ತು ಗೋಲ್ಡ್ ಕೋಸ್ಟ್‌ನಲ್ಲಿ ಮಹಿಳಾ ಏಷ್ಯನ್ ಕಪ್ ನಡೆಯಲಿದೆ. ಹನ್ನೆರಡು ತಂಡ, ಮೂರು ಗುಂಪು. ಪ್ರತಿ ಗುಂಪಿನ ಮೊದಲ ಇಬ್ಬರು ಮತ್ತು ಮೂರನೇ ಸ್ಥಾನದವರಲ್ಲಿ ಉತ್ತಮ ಇಬ್ಬರು ಕ್ವಾರ್ಟರ್‌ಫೈನಲ್‌ಗೆ. 2027ರ ಬ್ರೆಜಿಲ್ ವಿಶ್ವಕಪ್‌ಗೆ ಏಷ್ಯಾದವರು ಹೋಗುವ ದಾರಿಯೂ ಇದೇ. ಒಂಬತ್ತು ಸಲ ಕಪ್ ಗೆದ್ದ ಚೀನಾ 2022ರ ಚಾಂಪಿಯನ್.

ಈ ಟೂರ್ನಿ ನಮ್ಮ ಪಶ್ಚಿಮ ಕರಾವಳಿಗೆ ಹೊಸದಲ್ಲ. 1980ರಲ್ಲಿ ಕಲ್ಲಿಕೋಟೆಯಲ್ಲೇ ಇದು ನಡೆದಿತ್ತು. ಭಾರತ ಒಂದಲ್ಲ, ಎರಡು ತಂಡ ಇಳಿಸಿತ್ತು. ಅದರಲ್ಲೊಂದು ಫೈನಲ್ ತಲುಪಿ ಚೀನಾ ತೈಪೆಗೆ ಸೋತಿತು. ಆಗ ಮಹಿಳಾ ಫುಟ್‌ಬಾಲ್ ನೋಡಿಕೊಳ್ಳುತ್ತಿದ್ದುದು 1975ರಲ್ಲಿ ಹುಟ್ಟಿದ ಪ್ರತ್ಯೇಕ ಫೆಡರೇಷನ್. 1983ರಲ್ಲಿ ಬ್ಯಾಂಕಾಕ್‌ನಲ್ಲೂ ಭಾರತ ರನ್ನರ್‌ಅಪ್. ಇನ್ನೊಂದು ತಮಾಷೆ: ಕಲ್ಲಿಕೋಟೆಗೆ ಆಡಲು ಬಂದವರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ತಂಡವೂ ಇತ್ತು. ಅದರ ರಾಜಧಾನಿ ಪರ್ತ್‌ಗೇ ಈಗ ನಮ್ಮವರ ಪಯಣ.

ನಡುವಿನ ವರ್ಷಗಳ ಕತೆ ಹೇಳಿಕೊಳ್ಳುವಂಥದ್ದಲ್ಲ. 2022ರಲ್ಲಿ ಆತಿಥೇಯರೆಂಬ ಕಾರಣಕ್ಕೆ ಸ್ಥಾನ ಸಿಕ್ಕಿತ್ತು. ನವಿ ಮುಂಬೈಯಲ್ಲಿ ಇರಾನ್ ವಿರುದ್ಧ ಗೋಲಿಲ್ಲದ ಡ್ರಾ. ಅಷ್ಟರಲ್ಲಿ ತಂಡಕ್ಕೆ ಕೋವಿಡ್ ಹಬ್ಬಿ ಟೂರ್ನಿಯಿಂದಲೇ ಹೊರಬೀಳಬೇಕಾಯಿತು. ಸೋತು ಬಂದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ.

ಈ ಸಲ ಯಾರ ಕೃಪೆಯೂ ಇಲ್ಲ. 2025ರಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಮಂಗೋಲಿಯಾವನ್ನು 13–0, ತಿಮೋರ್ ಲೆಸ್ತೆಯನ್ನು 4–0, ಇರಾಕನ್ನು 5–0ರಿಂದ ಸೋಲಿಸಿದ ಮೇಲೆ ಉಳಿದದ್ದು ಆತಿಥೇಯ ಥಾಯ್ಲೆಂಡ್. ಜುಲೈ 5ರಂದು ಸಂಗೀತಾ ಬಾಸ್ಫೋರ್ ಎರಡು ಗೋಲು ಹೊಡೆದರು, ಪಂದ್ಯ 2–1. ಅರ್ಹತಾ ಸುತ್ತು ಗೆದ್ದು ಭಾರತ ಈ ಟೂರ್ನಿಗೆ ಹೋಗುತ್ತಿರುವುದು ಇದೇ ಮೊದಲು. ಆಗ ಕೋಚ್ ಆಗಿದ್ದ ಕ್ರಿಸ್ಪಿನ್ ಛೆಟ್ರಿ ಅವರ ಹುಡುಗಿಯರು ತಮಗಿಂತ ಮೇಲಿನ ರ‍್ಯಾಂಕಿನ ತಂಡವನ್ನು ಅದರ ನೆಲದಲ್ಲೇ ಮಣಿಸಿದ್ದರು.

ಕರ್ನಾಟಕದ ಪಾಲು? ಬೆಂಗಳೂರಿನ ಚಿತ್ರಾ ಗಂಗಾಧರನ್ ಹಿಂದೆಯೇ ಭಾರತಕ್ಕೆ ಆಡಿದವರು. 2020ರ ಭಾರತೀಯ ಮಹಿಳಾ ಲೀಗ್ ಫೈನಲ್ ಬೆಂಗಳೂರಿನಲ್ಲೇ ನಡೆಯಿತು. ಅಲ್ಲಿನ ಕಿಕ್‌ಸ್ಟಾರ್ಟ್ ಕ್ಲಬ್ 2023ರಲ್ಲಿ ಅದೇ ಲೀಗ್‌ನ ರನ್ನರ್‌ಅಪ್. ಎಲ್ಲವೂ ರಾಜಧಾನಿಯದೇ ಸುದ್ದಿ. ಕಾರವಾರ, ಅಂಕೋಲಾದವರಿಗೆ ಬೆಂಗಳೂರಿಗಿಂತ ಮಡಗಾಂವ್ ಹತ್ತಿರ. 2022ರಲ್ಲಿ ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ ಸೆಮಿಫೈನಲ್‌ಗಳು ನಡೆದದ್ದು ಅಲ್ಲಿನ ಫಟೋರ್ಡಾದಲ್ಲಿ. ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ತಲುಪುವ ಊರು. ನಮ್ಮ ಶಾಲೆಗಳು ಮಕ್ಕಳನ್ನು ಪ್ರವಾಸಕ್ಕೆಂದು ಗೋವಾದ ಬೀಚು, ಚರ್ಚುಗಳಿಗೆ ಕರೆದೊಯ್ಯುತ್ತವೆ. ಒಮ್ಮೆ ಫುಟ್‌ಬಾಲ್ ಮೈದಾನಕ್ಕೂ ಕರೆದೊಯ್ದರೆ ಏನು ಕಳೆದುಹೋದೀತು?

ಭಾರತದ ಗುಂಪಿನಲ್ಲಿ ಜಪಾನ್, ವಿಯೆಟ್ನಾಂ, ಚೀನಾ ತೈಪೆ ಇವೆ. ಮಾರ್ಚ್ 7ರಂದು ಎದುರಾಗುವ ಜಪಾನ್ 2011ರ ವಿಶ್ವ ಚಾಂಪಿಯನ್. ಅದರ ಮುಂದೆ ಹೆಚ್ಚು ಆಸೆ ಬೇಡ. 10ರಂದು ಸಿಡ್ನಿಯಲ್ಲಿ ತೈಪೆ ಜೊತೆ ಕಲ್ಲಿಕೋಟೆಯ ಹಳೆಯ ಬಾಕಿ ಇದೆ. ಆದರೆ ನಿಜವಾದ ಲೆಕ್ಕ ಮಾರ್ಚ್ 4ರಂದು, ಪರ್ತ್‌ನಲ್ಲಿ ವಿಯೆಟ್ನಾಂ ಎದುರು. ಅಲ್ಲೊಂದು ಗೆಲುವು ದಕ್ಕಿದರೆ ಮೂರನೇ ಸ್ಥಾನದಿಂದಲೂ ಮುಂದೆ ಹೋಗುವ ದಾರಿ ತೆರೆದಿರುತ್ತದೆ. ಪರೀಕ್ಷೆಯ ಕಾಲ ಎಂಬುದೊಂದೇ ತೊಡಕು. ಹುಡುಗಿಯರಿಗೆ ತೊಂಬತ್ತು ನಿಮಿಷ ರಜೆ ಕೊಡುವುದು ಅಪ್ಪ ಅಮ್ಮಂದಿರಿಗೆ ಬಿಟ್ಟದ್ದು.