ಅರಳುಮರುಳು ಮುಪ್ಪಿನ ಗುಣವೇ?

ಅರವತ್ತಕ್ಕೆ ಅರಳುಮರುಳು ಎಂದು ನಮ್ಮಲ್ಲಿ ಹೇಳುವದುಂಟು. ಈ ಗಾದೆಯಿಂದ ಆಗಿರುವ ಕೇಡು ಅಲ್ಪವಲ್ಲ. ಬುದ್ಧಿ ಮಂಕಾಗುವದು ಮುಪ್ಪಿನ ಗುಣವೆಂದು ನಂಬಿ ಅನೇಕರು ವೈದ್ಯರ ಬಳಿಗೆ ಹೋಗುವದೇ ಇಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ತಾಯಿಯನ್ನೋ ಅತ್ತೆಯನ್ನೋ ಆರೈಕೆಮಾಡುವ ಪ್ರಾಯದವರಾದ್ದರಿಂದ ಈ ವಿಷಯವನ್ನು ಇಲ್ಲಿ ವಿವರಿಸುವದು ಯುಕ್ತವೆಂದು ತೋರಿತು.

ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಸಂದೇಹಪಡುವದು ವಯೋಧರ್ಮ. ನಲವತ್ತು ವರ್ಷ ಮಾಡಿದ ಸಾರಿನ ಕ್ರಮವೇ ತಪ್ಪಿಹೋಗುವದು, ಪರಿಚಿತ ಬೀದಿಯಲ್ಲಿ ದಾರಿ ಕಾಣದೆ ನಿಲ್ಲುವದು, ಉಂಡು ಕೈತೊಳೆದ ಮೇಲೆ ಇನ್ನೂ ಊಟ ಹಾಕಲಿಲ್ಲವೆಂದು ಸೊಸೆಯನ್ನು ದೂರುವದು, ಇವು ರೋಗದ ಚಿಹ್ನೆಗಳಾಗಿರಬಹುದು. (ಈ ದೂರು ನೆರೆಮನೆಯವರ ಕಿವಿಗೆ ಬಿದ್ದಾಗ ನಿರಪರಾಧಿಯಾದ ಸೊಸೆಗೆ ಬರುವ ಅಪವಾದವನ್ನು ಬೇರೆ ಹೇಳಬೇಕಾಗಿಲ್ಲ.)

ಇಂಥ ರೋಗಗಳಲ್ಲಿ ಮುಖ್ಯವಾದದ್ದು ಅಲ್ಜೈಮರ್ ರೋಗ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗುಸ್ಟೆ ಎಂಬ 51 ವರ್ಷದ ಗೃಹಿಣಿಯನ್ನು ಕರೆತಂದರು. ಗಂಡನ ಹೆಸರೇನೆಂದು ಅಲೋಯಿಸ್ ಅಲ್ಜೈಮರ್ ಎಂಬ ವೈದ್ಯರು ಕೇಳಲು, ಆಕೆ ತನ್ನ ಹೆಸರನ್ನೇ ಹೇಳಿದಳು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅವರು ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ನರಕೋಶಗಳ ನಡುವೆ ಕಲ್ಮಷದ ಗಂಟುಗಳನ್ನೂ ಕೋಶಗಳೊಳಗೆ ಸಿಕ್ಕುಗಟ್ಟಿದ ಎಳೆಗಳನ್ನೂ ಕಂಡರು. ಸಾಮಾನ್ಯವಾಗಿ, ಹೊಸದಾಗಿ ಕಂಡುಕೇಳಿದ್ದನ್ನು ನೆನಪಿನಲ್ಲಿ ನೆಲೆಗೊಳಿಸುವ ಭಾಗವೇ ಮೊದಲು ಕ್ಷಯಿಸುವದು. ಆದಕಾರಣ ಬಾಲ್ಯದ ಹಾಡು ನೆನಪಿದ್ದು ಬೆಳಗಿನ ಫಲಾಹಾರ ಮರೆತುಹೋಗುವದು. ಇದು ಸೋಗಲ್ಲ.

ಈ ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲ. ಆದರೂ ವೈದ್ಯ ಪರೀಕ್ಷೆ ಅತ್ಯವಶ್ಯ. ಯಾಕಂದರೆ ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳು ಸಹ ಇಂಥದೇ ಮರವೆಯನ್ನುಂಟುಮಾಡಬಹುದು. ಇವಕ್ಕೆ ಚಿಕಿತ್ಸೆ ಉಂಟು.

2023ರಲ್ಲಿ ಪ್ರಕಟವಾದ ಗಣನೆಯ ಪ್ರಕಾರ, ನಮ್ಮ ದೇಶದಲ್ಲಿ 60 ದಾಟಿದ ನೂರು ಮಂದಿಯಲ್ಲಿ ಏಳು ಮಂದಿಗಿಂತ ಹೆಚ್ಚು ಜನರಿಗೆ ಇಂಥ ಬುದ್ಧಿಭ್ರಂಶವಿದೆ. ಪುರುಷರಿಗಿಂತ ಸ್ತ್ರೀಯರಲ್ಲಿ, ಓದಿದವರಿಗಿಂತ ಓದದವರಲ್ಲಿ ಇದು ಅಧಿಕ. ಮಗಳನ್ನು ಅರ್ಧದಲ್ಲಿ ಶಾಲೆ ಬಿಡಿಸಲೆಣಿಸುವ ತಂದೆತಾಯಿಗಳು ಇದನ್ನೂ ಲೆಕ್ಕಕ್ಕೆ ತಂದುಕೊಳ್ಳಲಿ.

ಆರೈಕೆಮಾಡುವವರಿಗೆ ಉಪಾಧ್ಯಾಯಿನಿಯಾಗಿ ನನ್ನ ಮಾತು ಇಷ್ಟು: ರೋಗಿಯನ್ನು ತರಗತಿಯ ಹುಡುಗಿಯಂತೆ ಪ್ರಶ್ನಿಸಬಾರದು. ‘ನಾನು ಯಾರು, ಹೇಳಿ ನೋಡೋಣ’ ಎಂದು ನಾಲ್ವರೆದುರಿಗೆ ಕೇಳುವದು ಕ್ರೂರವಾದ ಪರೀಕ್ಷೆ. ‘ಅಮ್ಮಾ, ನಾನು ನಿಮ್ಮ ಮಗಳು, ಕಾಫಿ ತಂದಿದ್ದೇನೆ’ ಎಂದರಾಯಿತು. ತೀರಿಹೋದ ಯಜಮಾನರು ಇನ್ನೂ ಏಕೆ ಬರಲಿಲ್ಲವೆಂದು ಆಕೆ ಕೇಳಿದರೆ, ಸತ್ತರಲ್ಲವೇ ಎಂದು ತಿದ್ದುವದು ಬೇಡ. ಆಕೆಗೆ ಅದು ಪ್ರತಿಸಲವೂ ಹೊಸ ಮರಣವಾರ್ತೆ. ಅವರಿಗೆ ಪ್ರಿಯವಾಗಿದ್ದ ತಿಂಡಿಯ ಮಾತನ್ನೆತ್ತಿದರೆ, ಉಳಿದದ್ದನ್ನು ಆಕೆಯೇ ಹೇಳತೊಡಗುವದುಂಟು.